ಇನ್ನೂರು ಮೀನಿನ ಲೆಕ್ಕ

(ಧಾರವಾಡದ ಒಂದು ಓದುಗರ ಬಳಗದಲ್ಲಿ ಭಾನುವಾರ ಸಂಜೆ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ. ಕೊನೆಯ ಪ್ರಶ್ನೋತ್ತರದಲ್ಲಿ ಎರಡನ್ನಷ್ಟೇ ಇಟ್ಟುಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೋಡ ಕಟ್ಟಿದೆ, ಆದರೂ ಇಷ್ಟು ಜನ ಬಂದಿದ್ದೀರಿ. ಹುಬ್ಬಳ್ಳಿಯಿಂದ ಚಿಗರಿ ಬಸ್ಸು ಹತ್ತಿ ಬಂದವರೂ ಇದ್ದೀರಿ. ಚಿಗರಿ ಅಂದೆನಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. ಬಸ್ಸಿಗೆ ಆ ಹೆಸರು ಇಟ್ಟಾಗ ನಮಗೆಲ್ಲ ಖುಷಿಯಾಯಿತು. ಅದೇ ಚಿಗರಿ, ಅಂದರೆ ಕೃಷ್ಣಮೃಗ, ರಾಣೆಬೆನ್ನೂರು ಕಡೆ ಗೋವಿನಜೋಳದ ಹೊಲಕ್ಕೆ ಇಳಿದರೆ ಖುಷಿ ಹೋಗಿ ಸಿಟ್ಟು ಬರುತ್ತದೆ. ಅಲ್ಲಿ ಕೃಷ್ಣಮೃಗದ ಅಭಯಾರಣ್ಯ ಆದದ್ದು 1974ರಲ್ಲಿ. ಸುಮಾರು 119 ಚದರ ಕಿಲೋಮೀಟರ್ ಜಾಗ. ಚಿಗರಿಗೇನು ಗೊತ್ತು ಗಡಿ ಎಲ್ಲಿದೆ ಅಂತ? ರಾತ್ರಿ ಹೊಲಕ್ಕೆ ಬರುತ್ತದೆ, ಮೇಯುತ್ತದೆ, ಹೋಗುತ್ತದೆ. ಬೆಳಿಗ್ಗೆ ಎದ್ದು ನೋಡಿದ ರೈತ ಕೇಳುತ್ತಾನೆ: 'ಇಷ್ಟು ಜಾಸ್ತಿ ಆಗ್ಯಾವಲ್ಲ, ಒಂದಿಷ್ಟು ಕಡಿಮೆ ಮಾಡಿದ್ರೇನಾಗ್ತೈತಿ?'

ಇವತ್ತಿನ ನನ್ನ ವಿಷಯವೂ ಇದೇ ಪ್ರಶ್ನೆ. ಪ್ರಾಣಿ ಮಾತ್ರ ಬೇರೆ. ಕಾನೂನು ಕಾಪಾಡಿದ ಒಂದು ಮೀನು ಚೇತರಿಸಿಕೊಂಡಿತು ಅಂತ ಇಟ್ಟುಕೊಳ್ಳಿ. ಅದನ್ನು ಮತ್ತೆ ಸ್ವಲ್ಪ, ಎಣಿಸಿ, ಹಿಡಿಯಲು ಬಿಡಬಹುದಾ? ಮೂವತ್ತು ವರ್ಷ ಪ್ರಾಣಿಶಾಸ್ತ್ರ ಪಾಠ ಮಾಡಿದವನು ನಾನು. ಪಾಠ ಮಾಡುವಾಗ ಇದಕ್ಕೆ 'ಹೌದು' ಅಂತಲೋ 'ಬೇಡ' ಅಂತಲೋ ತಟ್ಟನೆ ಹೇಳುತ್ತಿದ್ದೆ. ನಿವೃತ್ತಿ ಆದ ಮೇಲೆ ಹೇಳೋದು ಕಷ್ಟವಾಗಿದೆ.

ಮೊದಲು ದೂರದ ಊರಿನ ಕಥೆ. ಅಮೆರಿಕದ ಫ್ಲೋರಿಡಾ ಸಮುದ್ರದಲ್ಲಿ ಗೋಲಿಯಾತ್ ಗ್ರೂಪರ್ ಅಂತ ಒಂದು ಮೀನಿದೆ. ಮಂಗಳೂರು ಕಡೆ ಮುರು ಮೀನು ಅಂತಾರಲ್ಲ, ಆ ಬಳಗದ್ದು. ಗಾತ್ರ ಕೇಳಿದರೆ ನಂಬೋದು ಕಷ್ಟ. ಎರಡೂವರೆ ಮೀಟರ್ ಉದ್ದ ಬೆಳೆಯುತ್ತದೆ. ತೂಕ 360 ಕಿಲೋ ದಾಟುತ್ತದೆ. ಅಂದರೆ ಚಲೋ ಬೆಳೆದ ಒಂದು ಎತ್ತಿನಷ್ಟು. ಮೂವತ್ತೇಳು ವರ್ಷ ಬದುಕಿದ್ದು ಲೆಕ್ಕಕ್ಕೆ ಸಿಕ್ಕಿದೆ. ಮರಿಯಾಗಿದ್ದಾಗ ಐದಾರು ವರ್ಷ, ಕರಾವಳಿಯ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡದ ಬೇರಿನ ನಡುವೆ ಇರುತ್ತದೆ, ಮೀಟರು ಉದ್ದವಾದ ಮೇಲೆ ಆಳಕ್ಕೆ ಹೋಗುತ್ತದೆ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಒಂದೇ ಜಾಗದಲ್ಲಿ, ಹೆಚ್ಚಾಗಿ ಮುಳುಗಿದ ಹಡಗಿನ ಸುತ್ತ, ಗುಂಪು ಸೇರಿ ತತ್ತಿ ಇಡುತ್ತದೆ. ಆಗ ಗುಂಪಿನಿಂದ ಗುಮ್ ಗುಮ್ ಅಂತ ತಮಟೆಯಂಥ ಸದ್ದು ಬರುತ್ತದೆ.

ಇದರ ದೊಡ್ಡ ದೋಷ ಅಂದರೆ ಹೆದರಿಕೆ ಇಲ್ಲದಿರುವುದು. ಈಟಿ ಹಿಡಿದವನು ಹತ್ತಿರ ಬಂದರೂ ಸುಮ್ನೆ ನಿಂತು ನೋಡುತ್ತದೆ. ಪ್ರತಿ ವರ್ಷ ಅದೇ ಜಾಗಕ್ಕೆ, ಅದೇ ತಿಂಗಳಿಗೆ ಬರುತ್ತದೆ. ಹಿಡಿಯೋದು ಇನ್ನೆಷ್ಟು ಸುಲಭ ಆಗಬೇಕು? 1980ರ ದಶಕ ಮುಗಿಯೋ ಹೊತ್ತಿಗೆ ಕಾಣಸಿಗುವುದೇ ಅಪರೂಪವಾಯಿತು. 1990ರಲ್ಲಿ ಪೂರ್ತಿ ನಿಷೇಧ ಬಂತು. ಒಂದನ್ನೂ ಹಿಡಿಯುವಂತಿಲ್ಲ, ಗಾಳಕ್ಕೆ ಬಿದ್ದರೆ ನೀರಲ್ಲೇ ಬಿಡಬೇಕು.

ನಿಧಾನಕ್ಕೆ ಮೀನು ತಿರುಗಿ ಬಂತು. ಬಂದ ಕೂಡಲೇ ದೂರು ಶುರುವಾಯಿತು. ಗಾಳ ಹಾಕುವವರ ದೂರು ಹೀಗೆ: 'ನಾನು ಕಷ್ಟಪಟ್ಟು ಎಳೆಯುತ್ತಿದ್ದ ಮೀನನ್ನು ಈ ದೈತ್ಯ ಬಂದು ದೋಣಿ ಹತ್ತಿರವೇ ಕಚ್ಚಿಕೊಂಡು ಹೋಯಿತು. ನಮ್ಮ ಮೀನೆಲ್ಲ ಇದೇ ತಿನ್ನುತ್ತಿದೆ.' ಮೊದಲನೇ ಮಾತು ನಿಜ. ಗಾಳದಲ್ಲಿ ಒದ್ದಾಡುವ ಮೀನು ಕಂಡರೆ ಅದು ಬಿಡೋದಿಲ್ಲ. ಎರಡನೆಯದು ನಿಲ್ಲಲಿಲ್ಲ. ಹೊಟ್ಟೆಯಲ್ಲಿ ಏನಿದೆ ಅಂತ ಪರೀಕ್ಷೆ ಮಾಡಿದವರಿಗೆ ಸಿಕ್ಕದ್ದು ಜಾಸ್ತಿ ಏಡಿಗಳು, ಮತ್ತೆ ತಳದಲ್ಲಿ ಮೆಲ್ಲಗೆ ಓಡಾಡುವ ಮೀನುಗಳು. ಮೀನುಗಾರರು ಕಾಯುತ್ತಿದ್ದ ಬೆಲೆಬಾಳುವ ಮೀನುಗಳು ಕಡಿಮೆಯಾಗಿದ್ದಕ್ಕೆ ಮುಖ್ಯ ಕಾರಣ ಮನುಷ್ಯನೇ. ಆದರೆ ನೋಡಿ, ಕಣ್ಣೆದುರು ನಡೆದ ಒಂದು ಕಳ್ಳತನ ನೂರು ಲೆಕ್ಕಕ್ಕಿಂತ ಜೋರಾಗಿ ಮಾತಾಡುತ್ತದೆ. ನಮ್ಮ ಚಿಗರಿ ವಿಷಯದಲ್ಲೂ ಹಾಗೇ ಅಲ್ವಾ?

ಎಷ್ಟೋ ವರ್ಷ ವಾದ ನಡೆದು, 2022ರ ಮಾರ್ಚ್‌ನಲ್ಲಿ ಫ್ಲೋರಿಡಾದ ವನ್ಯಜೀವಿ ಆಯೋಗ ಒಂದು ತೀರ್ಮಾನ ಮಾಡಿತು. ವರ್ಷಕ್ಕೆ 200 ಮೀನು, ಅಷ್ಟೇ. ಹಿಡಿಯಲು ಲಾಟರಿ. ಅರ್ಜಿಗೆ 10 ಡಾಲರ್. ಚೀಟಿ ಬಂದರೆ ಆ ರಾಜ್ಯದವರಿಗೆ 150 ಡಾಲರ್, ಹೊರಗಿನವರಿಗೆ 500. ಒಬ್ಬರಿಗೆ ಒಂದೇ ಮೀನು. ಮಾರ್ಚ್ 1ರಿಂದ ಮೇ 31ರವರೆಗೆ ಮಾತ್ರ. ಗಾಳ ಬಿಟ್ಟು ಬೇರೆ ಏನೂ ಬಳಸುವಂತಿಲ್ಲ. ಡೈವ್ ಮಾಡುವ ಪ್ರವಾಸಿಗರು ಈ ಮೀನು ನೋಡಲು ಹೋಗುವ ಆಗ್ನೇಯ ಕರಾವಳಿಯಲ್ಲಿ ಹಿಡಿಯುವಂತಿಲ್ಲ. ಹಿಡಿದ ಮೇಲೆ ರೆಕ್ಕೆಯ ಒಂದು ತುಣುಕು ಕತ್ತರಿಸಿ ವಿಜ್ಞಾನಿಗಳಿಗೆ ಕಳಿಸಬೇಕು. 2023ರಲ್ಲಿ ಮೊದಲ ಹಂಗಾಮು ನಡೆಯಿತು.

ಇಷ್ಟೆಲ್ಲ ಕಟ್ಟುನಿಟ್ಟು ಓದಿದಾಗ ನನಗೆ ಮೆಚ್ಚುಗೆಯಾಯಿತು. ಆಮೇಲೆ ಒಂದು ನಿಯಮ ಕಣ್ಣಿಗೆ ಬಿತ್ತು. ಮೀನಿನ ಉದ್ದ 24 ಇಂಚಿನಿಂದ 36 ಇಂಚಿನ ಒಳಗೆ ಇರಬೇಕು. ಅಂದರೆ ಎರಡು ಅಡಿಯಿಂದ ಮೂರು ಅಡಿ. ಈ ಮೀನು ಮೂರೂವರೆ, ನಾಲ್ಕು ಅಡಿ ಆಗುವವರೆಗೆ ತತ್ತಿ ಇಡುವುದೇ ಇಲ್ಲ. ಹಾಗಾದರೆ ಅವರು ಹಿಡಿಯಿರಿ ಅಂತ ಹೇಳಿದ್ದು ಮರಿಯನ್ನು!

ಇಲ್ಲಿ ಸ್ವಲ್ಪ ನಿಲ್ಲೋಣ. ಯಾಕಂದರೆ ನಾವು ಕಲಿತದ್ದು ಇದಕ್ಕೆ ಪೂರಾ ಉಲ್ಟಾ. ಕೆರೆಯಲ್ಲಿ ಬಲೆಯ ಕಣ್ಣು ದೊಡ್ಡದಿರಲಿ, ಮರಿ ತಪ್ಪಿಸಿಕೊಳ್ಳಲಿ, ದೊಡ್ಡದನ್ನು ಹಿಡಿ ಅಂತ ಹೇಳುತ್ತೇವೆ. ಕಟ್ಲಾ, ರೋಹು ಮಟ್ಟಿಗೆ ಅದು ಸರಿ. ಅವನ್ನು ನಾವೇ ತಂದು ಬಿಟ್ಟಿದ್ದೇವೆ, ಬೆಳೆಸುತ್ತೇವೆ, ಹಿಡಿಯುತ್ತೇವೆ, ಮತ್ತೆ ಮರಿ ತರುತ್ತೇವೆ. ಬಿತ್ತನೆ ಬೀಜ ಅಂಗಡಿಯಿಂದ ತಂದಂತೆ. ತಾನೇ ಬೀಜ ಉಳಿಸಿಕೊಳ್ಳಬೇಕಾದ ಮೀನಿನ ಲೆಕ್ಕ ಬೇರೆ. ಅಲ್ಲಿ ದೊಡ್ಡ ತಾಯಿಮೀನೇ ಕಣಜ. ಮೈ ದೊಡ್ಡದಾದಷ್ಟೂ ಅದು ಇಡುವ ತತ್ತಿ ಲಕ್ಷಗಟ್ಟಲೆ ಹೆಚ್ಚುತ್ತದೆ. ಅಂಥ ಒಂದು ಹೋದರೆ ಆ ಜಾಗ ತುಂಬಲು ಇನ್ನೊಂದು ಹದಿನೈದು ಇಪ್ಪತ್ತು ವರ್ಷ ಬೆಳೆಯಬೇಕು. ಮರಿಗಳು ಹೇಗೂ ಬಹಳ ಸಾಯುತ್ತವೆ. 2010ರ ಚಳಿಯಲ್ಲಿ ಫ್ಲೋರಿಡಾದ ಕಾಂಡ್ಲಾ ಕಾಡಿನ ಮರಿಗಳು ರಾಶಿರಾಶಿ ಸತ್ತವು. ಅದರ ಜೊತೆ ಇನ್ನೊಂದು ಕಾರಣ ಇದೆ. ದೊಡ್ಡ ಮೀನಿನ ಮಾಂಸದಲ್ಲಿ ಪಾದರಸ ತುಂಬಿರುತ್ತದೆ, ತಿನ್ನೋಕೆ ಬರೋದಿಲ್ಲ. ಹೀಗಾಗಿ ತಾಯಿಯನ್ನು ಬಿಡಿ, ಮರಿ ಹಿಡಿಯಿರಿ ಅಂದರು.

ಲೆಕ್ಕ ಅರ್ಥವಾಗುತ್ತದೆ. ಆದರೂ ನನಗೆ ಸಮಾಧಾನವಿಲ್ಲ. ಚಳಿ, ವಿಷಪಾಚಿ, ಕಡಿಮೆಯಾಗುತ್ತಿರುವ ಕಾಂಡ್ಲಾ ಇವೆಲ್ಲ ಹೊಡೆಯೋದು ಮರಿಗಳನ್ನೇ. ಅದೇ ಮರಿಗಳ ಮೇಲೆ ನಾವೂ ಕೈ ಇಟ್ಟರೆ? ಇನ್ನೊಂದು ಮಾತು. ಆ ಮೀನನ್ನು ಹಿಡಿಯದಿದ್ದರೆ ಯಾರ ಮನೆಯ ಒಲೆಯೂ ಆರುವುದಿಲ್ಲ. ಲಾಟರಿ ಹಾಕುವವರು ರಜೆಯಲ್ಲಿ ಗಾಳ ಹಾಕುವವರು. ಮೀನನ್ನು ಕಾಯಲು ಅವರು ಒಂದು ರಾತ್ರಿ ನಿದ್ದೆಗೆಟ್ಟವರಲ್ಲ. ಹಿಡಿದು, ಫೋಟೊ ತೆಗೆಸಿಕೊಂಡು, ಮನೆಗೆ ಹೋಗುತ್ತಾರೆ. ಮುಂದಿನ ವರ್ಷ ಮೀನು ಇದೆಯೋ ಇಲ್ಲವೋ, ಅವರಿಗೇನು?

ಹಾಗಂತ ಎಲ್ಲಾ ಕಡೆ 'ಬೇಡ' ಅಂತೀನಾ? ಇಲ್ಲ. ಅದೇ ಫ್ಲೋರಿಡಾದಲ್ಲಿ ಅಳಿವಿನ ಪಟ್ಟಿಯಲ್ಲಿದ್ದ ಅಲಿಗೇಟರ್ ಮೊಸಳೆ 1987ರಲ್ಲಿ ಪಟ್ಟಿಯಿಂದ ಹೊರಬಂತು. 1988ರಿಂದ ಎಣಿಸಿ ಬೇಟೆಗೆ ಬಿಟ್ಟಿದ್ದಾರೆ, ಮೊಸಳೆಗೆ ಏನೂ ಆಗಿಲ್ಲ. ನನ್ನ ಮನಸ್ಸು ಬದಲಿಸಿದ್ದು ಮಾತ್ರ ಬ್ರೆಜಿಲ್.

ಅಮೆಜಾನ್ ನದಿಯಲ್ಲಿ ಅರಪೈಮಾ ಅಂತ ಒಂದು ಮೀನು. ಅಲ್ಲಿಯವರು ಪಿರರುಕು ಅಂತಾರೆ. ಇದೂ ದೈತ್ಯ, ಮೂರು ಮೀಟರ್‌ವರೆಗೆ ಬೆಳೆಯುತ್ತದೆ. ಹಿಡಿದು ಹಿಡಿದು ಖಾಲಿಯಾಗುತ್ತಾ ಬಂತು ಅಂತ 1996ರಲ್ಲಿ ಅಮೆಜೋನಾಸ್ ರಾಜ್ಯದಲ್ಲಿ ನಿಷೇಧ ಮಾಡಿದರು. ಕಾಗದದ ಮೇಲೆ ನಿಷೇಧ ಬಂತು, ಕತ್ತಲಲ್ಲಿ ದೋಣಿ ಓಡಾಡುತ್ತಲೇ ಇತ್ತು. ಆಗ ಮಾಮಿರಾವಾ ಅನ್ನುವ ಸಂರಕ್ಷಿತ ಪ್ರದೇಶದಲ್ಲಿ ಬೇರೆ ದಾರಿ ಹಿಡಿದರು. ಈ ಮೀನಿಗೆ ಕಿವಿರು ಸಾಲುವುದಿಲ್ಲ. ಹತ್ತು ಇಪ್ಪತ್ತು ನಿಮಿಷಕ್ಕೊಮ್ಮೆ ಮೇಲೆ ಬಂದು ಗಾಳಿ ಕುಡಿಯಲೇಬೇಕು. ಹಳೇ ಮೀನುಗಾರರಿಗೆ ಆ ಒಂದು ಕ್ಷಣ ಸಾಕು. ನೀರು ಕದಡಿದ ರೀತಿ, ಬೆನ್ನು ಕಂಡ ರೀತಿ ನೋಡಿ ಗಾತ್ರ ಹೇಳುತ್ತಾರೆ. ಹೋದ ಸಲ ಬಂದದ್ದೇ ಇದು, ಇದು ಬೇರೆ ಅಂತಾರೆ. ವಿಜ್ಞಾನಿಗಳು ಬಲೆ ಹಾಕಿ ಪರೀಕ್ಷೆ ಮಾಡಿ ನೋಡಿದರು. ಮೀನುಗಾರರ ಎಣಿಕೆ ನಿಜವಾದ ಸಂಖ್ಯೆಗೆ ತೀರಾ ಹತ್ತಿರ ಇತ್ತು.

ಹೀಗೆ ಅವರೇ ಕೆರೆ ಕೆರೆ ಎಣಿಸುತ್ತಾರೆ. ಒಂದೂವರೆ ಮೀಟರ್ ದಾಟಿದ ದೊಡ್ಡವನ್ನು ಬೇರೆ, ಚಿಕ್ಕವನ್ನು ಬೇರೆ. ದೊಡ್ಡವುಗಳಲ್ಲಿ ನೂರಕ್ಕೆ ಮೂವತ್ತರ ಒಳಗೆ ಹಿಡಿಯಲು ಸರ್ಕಾರ ಅನುಮತಿ ಕೊಡುತ್ತದೆ. 1999ರಿಂದ ಶುರುವಾದ ಪದ್ಧತಿ. ಮೀನು ಕಡಿಮೆಯಾಗಲಿಲ್ಲ, ಎಷ್ಟೋ ಪಟ್ಟು ಜಾಸ್ತಿಯಾಯಿತು. ಕಾರಣ ಸರಳ. ಈ ವರ್ಷ ಎಷ್ಟು ಎಣಿಸಿದರೋ ಅದರ ಮೇಲೆ ಮುಂದಿನ ವರ್ಷದ ಪಾಲು. ಕಳ್ಳ ಬಂದರೆ ಹೋಗೋದು ಇವರದೇ ಮೀನು. ರಾತ್ರಿ ಕಾವಲು ಇವರೇ ಕೂರುತ್ತಾರೆ.

ಇದನ್ನು ಓದಿದ ಮೇಲೆ ನನಗೂ ಎಣಿಸುವ ಹುಚ್ಚು ಹಿಡಿಯಿತು. ನಮ್ಮಲ್ಲಿ ಅರಪೈಮಾ ಇಲ್ಲ, ಕೊರವ ಮೀನಿದೆ. ಕೆಲವರು ಕುಚ್ಚು ಅಂತಾರೆ. ಅದೂ ಮೇಲೆ ಬಂದು ಗಾಳಿ ಕುಡಿಯುತ್ತದೆ. ಹಾನಗಲ್ ತಾಲೂಕಿನ ನಮ್ಮೂರ ಕೆರೆಯ ದಂಡೆಯ ಮೇಲೆ, ಅಲ್ಲಿ ಬಲೆ ಹಾಕುವ ಹಿರಿಯರೊಬ್ಬರ ಜೊತೆ ಬೆಳಿಗ್ಗೆ ಒಂದು ತಾಸು ಕೂತೆ. ಪಂದ್ಯ ಏನಂದರೆ, ಇಬ್ಬರೂ ಎಣಿಸೋದು, ಕೊನೆಗೆ ಹೇಳೋದು. ನಾನು ನೋಟ್‌ಬುಕ್ಕಿನಲ್ಲಿ ಗೆರೆ ಹಾಕುತ್ತಾ ಹೋದೆ. ಅವರು ಎಲೆಅಡಿಕೆ ಅಗಿಯುತ್ತಾ ಕೂತರು. ನನ್ನ ಲೆಕ್ಕ 31. ಅವರು ಹೇಳಿದ್ದು 12. 'ಸರ, ಆ ಆಪಿನ ಹತ್ತಿರ ಇರೋದು ಒಂದೇ ಜೋಡಿ ಐತ್ರೀ. ನೀವು ಅದನ್ನ ಆರು ಸಲ ಬರಕೊಂಡೀರಿ. ಅಲ್ಲೇ ಅದರ ಮರಿ ಅದಾವು, ಬಿಟ್ಟು ಹೋಗೂದಿಲ್ಲ.' ಕಣ್ಣು ಕಿರಿದು ಮಾಡಿ ನೋಡಿದೆ. ನಿಜ. ಆಪು ಹುಲ್ಲಿನ ಬದಿಯಲ್ಲಿ ನೀರು ಅಂಗೈಯಗಲ ಕೆಂಪಗಿತ್ತು. ಸಣ್ಣ ಸಣ್ಣ ಮರಿಗಳ ಗುಂಪು, ಒಂದೇ ಮೈಯಂತೆ ಉರುಳುತ್ತಿತ್ತು. ಕೆಳಗೆ ತಾಯಿ ತಂದೆ ಕಾವಲು. ಅವೆರಡನ್ನು ಹಿಡಿದರೆ ಸಂಜೆಯೊಳಗೆ ಆ ಕೆಂಪು ಇರುವುದಿಲ್ಲ. ಇದನ್ನು ನಾನು ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದಿದ್ದೆ, ನೋಡಿದ್ದು ಅವತ್ತು.

ನನ್ನ ಮಾತೆಲ್ಲ ಆ 31 ಮತ್ತು 12ರ ನಡುವೆ ಇದೆ ಅಂತ ಇಟ್ಟುಕೊಳ್ಳಿ. ಹಿಡಿಯುವ ಹಕ್ಕು ಯಾರಿಗಾದರೂ ಕೊಡುವುದಾದರೆ, ಎಣಿಸಲು ಬರುವವರಿಗೆ, ಕಾಯುವವರಿಗೆ ಕೊಡಬೇಕು. ನನ್ನಂಥವನ ಕೈಯಲ್ಲಿ ಚೀಟಿ ಕೊಟ್ಟರೆ ಕೆರೆ ಖಾಲಿ!

ಈಗ ನಮ್ಮ ನೀರಿಗೆ ಬರೋಣ. ಬರೀ ನಿಷೇಧ ಮಾಡಿ ಕೈತೊಳೆದುಕೊಂಡರೂ ಆಗುವುದಿಲ್ಲ ಅನ್ನೋದಕ್ಕೆ ಕಾವೇರಿಯ ಕಥೆ ಇದೆ. ಅಲ್ಲಿ ಒಂದು ಜಾತಿ ಮಹಸೀರ್, ಕಿತ್ತಳೆ ಬಣ್ಣದ ರೆಕ್ಕೆ, ತಲೆಯ ಹಿಂದೆ ಗೂನು. ಕಾವೇರಿ ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಇಲ್ಲ. ಗಾಳಿಬೋರೆಯ ಕ್ಯಾಂಪಿನಲ್ಲಿ ಗಾಳ ಹಾಕುವವರು ಹಿಡಿದು, ಅಳೆದು, ಪುಸ್ತಕದಲ್ಲಿ ಬರೆದು, ವಾಪಸ್ ನೀರಿಗೆ ಬಿಡುತ್ತಿದ್ದರು. 1998ರಿಂದ 2012ರವರೆಗಿನ ಆ ಪುಸ್ತಕ ನೋಡಿದವರಿಗೆ ವಿಚಿತ್ರ ಕಂಡಿತು. ಒಟ್ಟು ಮಹಸೀರ್ ಜಾಸ್ತಿ ಆಗುತ್ತಿದೆ, ಗೂನುಬೆನ್ನಿನದು ಮಾತ್ರ ಕರಗುತ್ತಿದೆ. ಹೆಚ್ಚಿದ್ದು ಯಾವುದು? ಲೋನಾವಲದ ಮರಿಕೇಂದ್ರದಲ್ಲಿ ಬೆಳೆಸಿ, ಒಳ್ಳೆಯದಾಗಲಿ ಅಂತಲೇ ತಂದು ಬಿಟ್ಟ ನೀಲಿ ರೆಕ್ಕೆಯ ಮಹಸೀರ್. ಮನೆಯವರಿಗೆ ಜಾಗವಿಲ್ಲದಂತೆ ನೆಂಟರು ತುಂಬಿಕೊಂಡರು. 2018ರಲ್ಲಿ ಗೂನುಬೆನ್ನಿನ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಸಿಕ್ಕಿತು. ಅದೇ ವರ್ಷ ಅದು ಅಳಿವಿನ ಅಂಚಿನ ಕಡೇ ಮೆಟ್ಟಿಲಿನಲ್ಲಿದೆ ಅಂತ ಕೆಂಪು ಪಟ್ಟಿಗೂ ಸೇರಿತು. ಅಲ್ಲಿ ಗಾಳ ನಿಂತಾಗ ಪುಸ್ತಕವೂ ನಿಂತಿತು. ಮೀನು ಉಳಿಸಲು ಗಾಳ ನಿಲ್ಲಿಸಿದ್ದು ಸರಿಯೇ ಇರಬಹುದು. ಎಣಿಸುವ ಕೈಯನ್ನೂ ಅದರ ಜೊತೆ ಕಳಿಸಿಬಿಟ್ಟದ್ದು ನಷ್ಟ ಅಂತ ನನ್ನ ಅಭಿಪ್ರಾಯ.

ಎಣಿಸದೆ ಮಾಡಿದ ನಿಷೇಧ ಎಷ್ಟು ದಿನ ನಿಲ್ಲುತ್ತದೆ ಅನ್ನೋದಕ್ಕೆ ಇನ್ನೊಂದು ಉದಾಹರಣೆ, ಬೇಗ ಹೇಳಿ ಮುಂದೆ ಹೋಗುತ್ತೇನೆ. 2001ರಲ್ಲಿ ನಮ್ಮ ದೇಶದಲ್ಲಿ ಶಾರ್ಕ್, ತೊರಕೆ ಎಲ್ಲವನ್ನೂ ಒಟ್ಟಿಗೆ ವನ್ಯಜೀವಿ ಕಾನೂನಿನ ಮೊದಲ ಪಟ್ಟಿಗೆ ಹಾಕಿದರು. ಕರಾವಳಿಯಲ್ಲಿ ಗಲಾಟೆ ಎದ್ದಿತು. ಕೆಲವೇ ತಿಂಗಳಲ್ಲಿ ಪಟ್ಟಿ ಹತ್ತು ಜಾತಿಗೆ ಇಳಿಯಿತು.

ನಮ್ಮ ಕಡೆ ತುಂಗಭದ್ರೆ ಇದೆ. ಹಾವೇರಿ ಜಿಲ್ಲೆಯ ಅಂಚು ಸವರಿಕೊಂಡು ಹೋಗಿ ಗದಗ ಜಿಲ್ಲೆಯ ಮುಂಡರಗಿ ಕಡೆ ಹರಿಯುತ್ತದೆ. ಚೌಡಯ್ಯದಾನಪುರದ ದಂಡೆಯಲ್ಲಿ ನಿಂತರೆ ಮುಕ್ತೇಶ್ವರ ಗುಡಿ ಒಂದು ಕಡೆ, ಹೊಳೆ ಒಂದು ಕಡೆ. ದೋಣಿ ನಡೆಸಿದ ಶರಣ ಅಂಬಿಗರ ಚೌಡಯ್ಯನ ನೆಲ. ದೋಣಿ, ಬಲೆ ಇವು ನಮಗೆ ಹೊಸದಲ್ಲ. ಆ ದಂಡೆಯಲ್ಲಿ ಈಗಲೂ ಬಲೆ ಹಾಕುವವರು ಇದ್ದಾರೆ. ಯಾವ ಮಡುವಿನಲ್ಲಿ ಯಾವ ಮೀನು, ಯಾವುದು ಬರೋದು ನಿಂತು ಎಷ್ಟು ವರ್ಷವಾಯಿತು, ಕೇಳಿದರೆ ಹೇಳುತ್ತಾರೆ. ಅದನ್ನು ಬರೆದುಕೊಳ್ಳುವವರು ಬೇಕು.

ನಮ್ಮಲ್ಲಿ ಇನ್ನೊಂದು ಕಾವಲು ಇದೆ, ದೇವರದು. ಶೃಂಗೇರಿಯ ಹೊಳೆ, ಶಿಶಿಲದ ಮತ್ಸ್ಯತೀರ್ಥ ನೀವು ನೋಡಿರುತ್ತೀರಿ. ಮಂಡಕ್ಕಿ ಎಸೆದರೆ ನೀರು ಕುದಿಯುವ ಹಾಗೆ ಮೀನು ಮೇಲೆ ಬರುತ್ತವೆ. ದೇವರ ಮೀನು ಅಂದ ಮೇಲೆ ಯಾರೂ ಮುಟ್ಟುವುದಿಲ್ಲ. ಆದರೆ 1996ರಲ್ಲಿ ಶಿಶಿಲದ ಹೊಳೆಗೆ ಯಾರೋ ವಿಷ ಹಾಕಿ ಸಾವಿರಾರು ಮೀನು ಸತ್ತವು. ದೇವರ ಕಾವಲಿಗೂ ರಾತ್ರಿ ಮನುಷ್ಯರ ಕಣ್ಣು ಬೇಕಾಗುತ್ತದೆ.

ಇಷ್ಟು ಹೇಳಿ, ನನ್ನ ಒಂದು ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ. ಹುಡುಗನಾಗಿದ್ದಾಗ ಮಿರಗದ ಮಳೆ ಹೊಡೆದ ರಾತ್ರಿ ನಮ್ಮೂರಲ್ಲಿ ಯಾರೂ ಮಲಗುತ್ತಿರಲಿಲ್ಲ. ಕೆರೆಯ ಮೀನು ಹೊಸ ನೀರಿನ ವಾಸನೆಗೆ ಹಳ್ಳ ಹಿಡಿದು ಭತ್ತದ ಗದ್ದೆಗೆ ಹತ್ತುತ್ತವೆ. ಅದಕ್ಕೇ ಅವಕ್ಕೆ 'ಹತ್ತುಮೀನು' ಅಂತಾರೆ. ಬದುವಿನ ಬಾಯಿಗೆ ಬಿದಿರಿನ ಕೂಣಿ ಇಟ್ಟು, ಕಂದೀಲು ಹಿಡಿದು ಕಾಯುತ್ತಿದ್ದೆವು. ಬುಟ್ಟಿ ತುಂಬುತ್ತಿತ್ತು. ಅವ್ವ ಈಳಿಗೆ ಮಣೆಯ ಮೇಲೆ ಕೂತು ಹೊಟ್ಟೆ ಸೀಳಿದರೆ ಒಳಗೆ ಬರೀ ತತ್ತಿ. ಹಳದಿ, ಒತ್ತೊತ್ತಾಗಿ, ಥೇಟ್ ನವಣೆ ತುಂಬಿಟ್ಟ ಚೀಲ. ಅವ್ವ ಅದನ್ನು ಬೇರೆ ತೆಗೆದು ಹುರಿಯುತ್ತಿದ್ದಳು. ಅದಕ್ಕಾಗಿ ಅಣ್ಣತಮ್ಮಂದಿರು ಜಗಳ ಆಡುತ್ತಿದ್ದೆವು. ಆ ಮೀನು ಗದ್ದೆಗೆ ಹತ್ತುತ್ತಿದ್ದದ್ದೇ ಆ ತತ್ತಿ ಇಡಲು. ನಾವು ಬಾಗಿಲಲ್ಲೇ ಹಿಡಿಯುತ್ತಿದ್ದೆವು. ಫ್ಲೋರಿಡಾದವರು ಮುಳುಗಿದ ಹಡಗಿನ ಹತ್ತಿರ ಈಟಿ ಹಿಡಿದು ಕಾದದ್ದಕ್ಕೂ ಇದಕ್ಕೂ ವ್ಯತ್ಯಾಸ ಏನು? ರುಚಿ ಮಾತ್ರ ಈಗಲೂ ನಾಲಿಗೆ ಮೇಲಿದೆ, ಸುಳ್ಳು ಹೇಳೋದಿಲ್ಲ.

ಮಾತು ಮುಗಿದ ಮೇಲೆ ಒಬ್ಬ ಹುಡುಗ ಎದ್ದು ಕೇಳಿದ: 'ಸರ್, ಕಾಗದ ನಿಮ್ಮ ಮುಂದೆ ಬಂದರೆ ನೀವು ಸಹಿ ಹಾಕ್ತೀರಾ, ಇಲ್ವಾ?'

ಹೇಳಿದೆ: ಮಾಮಿರಾವಾದ ಕಾಗದಕ್ಕೆ ಇವತ್ತೇ ಹಾಕುತ್ತೇನೆ. ಫ್ಲೋರಿಡಾದ್ದಕ್ಕೆ ಹಾಕುವುದಿಲ್ಲ. 200 ಜಾಸ್ತಿ ಅಂತ ಅಲ್ಲ. ಆ 200 ಮೀನಿಗಾಗಿ ಯಾರೂ ಕಾವಲು ಕೂತಿಲ್ಲ, ಅದಕ್ಕೆ. ತುಂಗಭದ್ರೆಯ ಯಾವುದೇ ಅಪರೂಪದ ಮೀನಿನ ಕಾಗದ ಬಂದರೆ ಮೂರು ಮಳೆಗಾಲ ತಡೆದಿಡುತ್ತೇನೆ. ಅಷ್ಟರಲ್ಲಿ ಬಲೆಯವರಿಂದ ಎಣಿಕೆ ಮಾಡಿಸಬೇಕು. ಎಣಿಸಿದ ದಿನಕ್ಕೆ ಅವರಿಗೆ ಕೂಲಿ ಕೊಡಬೇಕು. ಇದನ್ನು ಎಲ್ಲರೂ ಮರೆಯುತ್ತಾರೆ.

ಹಿಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಕೂತಿದ್ದರು. ಸಂತೆಯಲ್ಲಿ ಮೀನು ಮಾರುತ್ತೇನೆ ಅಂದರು. ಮಗಳು ಕಾಲೇಜಿಗೆ ಹೋಗುತ್ತಾಳಂತೆ, ಅವಳೇ ಕರೆದುಕೊಂಡು ಬಂದಿದ್ದಳು.

'ಸರ, ಮಳೆಗಾಲದಾಗ ತತ್ತಿ ಮೀನು ಹಿಡಿಬ್ಯಾಡ್ರಿ ಅಂತೀರಿ. ಹಂಗಾದ್ರ ನಾವು ಏನ್ ಮಾರೂದ್ರೀ?'

ಸಾಕಿದ ಕಟ್ಲಾ, ರೋಹು ಇದೆಯಲ್ಲಮ್ಮಾ ಅಂದೆ.

'ಅದು ಆಂಧ್ರದಿಂದ ಐಸಿನಾಗ ಬರತೈತ್ರೀ. ಅದನ್ನ ಯಾರ್ ಬ್ಯಾಡ ಅಂತಾರ. ಆದ್ರ ಸರ, ಹೊಟ್ಟಿ ಒತ್ತಿ ನೋಡಿ, ತತ್ತಿ ಐತೇನು ಅಂತ ಕೇಳಿ, ಮ್ಯಾಲ ಇಪ್ಪತ್ತು ರೂಪಾಯಿ ಕೊಟ್ಟು ಒಯ್ಯೋರು ನಿಮ್ಮ ಕಾಲೊನಿಯವರೇ ಅದಾರ್ರೀ.'

ಎಲ್ಲರೂ ನಕ್ಕರು. ನಾನೂ ನಕ್ಕೆ. ಹೋದ ಆಷಾಢದಲ್ಲಿ ನಮ್ಮ ಮನೆಗೂ ಒಂದು ಅಂಥ ಮೀನು ಬಂದಿತ್ತು.